ಕರಾವಳಿಯ ಕಾಂಡ್ಲಾ ಕಾಡು: ಚಿಂತಾಕಿಯ ರೈತರು ಕಲಿಯಬೇಕಾದದ್ದು



ಔರಾದ ತಾಲ್ಲೂಕಿನ ಚಿಂತಾಕಿಗೆ ಸಮುದ್ರ ಬಹು ದೂರ. ಆದರೂ ಇಲ್ಲಿನ ರೈತರು ಪ್ರವಾಸ ಹೊರಡುವಾಗ ಉತ್ತರ ಕನ್ನಡದ ಅಘನಾಶಿನಿ ಅಳಿವೆಯನ್ನು ತಪ್ಪದೆ ನೋಡಬೇಕು. ಕರ್ನಾಟಕದ ಕಡಲ ದಂಡೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ. ಆದರೆ 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಅಲ್ಲಿ ಮೊದಲು ಕಾಣುವುದು ಕಾಂಡ್ಲಾ ಗಿಡಗಳು. ಉಪ್ಪುನೀರಿನಲ್ಲಿ ಬೇರೆ ಮರಗಳು ಒಣಗುತ್ತವೆ, ಇವು ಬದುಕುತ್ತವೆ. ಕೆಲವು ಜಾತಿಗಳು ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತವೆ. ಕೆಲವು ಕೆಸರಿನಿಂದ ಬೇರನ್ನು ಮೇಲೆತ್ತಿ ಉಸಿರಾಡುತ್ತವೆ. ಇನ್ನು ಕೆಲವುಗಳ ಬೀಜ ಮರದ ಮೇಲೆಯೇ ಮೊಳೆತು ಕೆಳಗೆ ಬೀಳುತ್ತದೆ. ಕಾಸರಕೋಡಿನ ಶರಾವತಿ ಹಿನ್ನೀರಿನಲ್ಲಿ ಮರದ ಹಲಗೆಯ ದಾರಿಯ ಮೇಲೆ ನಡೆದು ಇಂಥ ಕಾಡನ್ನು ಹತ್ತಿರದಿಂದ ನೋಡಬಹುದು.

ಈ ಗಿಡಗಳು ಅಲೆಯ ಹೊಡೆತವನ್ನು ತಗ್ಗಿಸಿ, ಗಜನಿ ಗದ್ದೆಯ ಒಡ್ಡನ್ನು ಕಾಯುತ್ತವೆ. ಗಜನಿಯೆಂದರೆ ಉಬ್ಬರದ ನೀರು ನುಗ್ಗುವ ತಗ್ಗು ಭೂಮಿ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಅಲ್ಲಿ 'ಕಗ್ಗ' ಎಂಬ ನಾಡ ಭತ್ತ ಬೆಳೆಯುತ್ತಾರೆ. ಜೂನ್ ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ಉಬ್ಬರ ತಂದ ಹೂಳೇ ಗೊಬ್ಬರ. ಕೆಲವು ದಿನ ನೀರಿನಲ್ಲಿ ಮುಳುಗಿದರೂ ಕಗ್ಗ ಸಾಯುವುದಿಲ್ಲ. ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುತ್ತಾರೆ; ಅದು ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ.

ಒಡ್ಡು ಒಡೆದು, ಸಿಗಡಿಯೇ ಲಾಭವೆಂದು ಅನೇಕ ಗದ್ದೆಗಳು ಕಗ್ಗವನ್ನು ಬಿಟ್ಟವು. ಗದ್ದೆ ಬಿಟ್ಟರೆ ಮತ್ತೆ ಕಟ್ಟಬಹುದು; ಬೀಜ ಹೋದರೆ ತರುವುದು ಎಲ್ಲಿಂದ? ನಾಡ ಬೀಜವನ್ನು ಪ್ರತಿ ವರ್ಷ ಯಾರಾದರೂ ಬಿತ್ತಿದರೆ ಮಾತ್ರ ಅದು ಉಳಿಯುತ್ತದೆ.

ಈ ಪಾಠ ಭತ್ತಕ್ಕಷ್ಟೇ ಅಲ್ಲ, ಬೀದರಿನ ತೊಗರಿಗೂ ಸಲ್ಲುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ರೂಪಿಸಿದ ಐ.ಸಿ.ಪಿ.ಎಚ್. 2671 ಸಂಕರ ತೊಗರಿ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಸಂಕರ ಬೀಜ ತಯಾರಿಸಲು ಬೇಕಾದ ಗಂಡು ಬರಡುತನದ ಗುಣ ದೊರೆತದ್ದು ತೊಗರಿಯ ಕಾಡು ಬಂಧುವಿನಿಂದ. ಕೆಲಸಕ್ಕೆ ಬಾರದ ಕಳೆಯೆಂದು ಅದನ್ನು ಪೂರ್ತಿ ಕಿತ್ತು ಹಾಕಿದ್ದರೆ ಈ ಗುಣ ಸಿಗುತ್ತಿರಲಿಲ್ಲ.

ಪ್ರವಾಸ ಹೋಗುವವರು ಗಮನಿಸಬೇಕಾದ ಅಂಶಗಳು:

1. ಕಗ್ಗದ ಪೈರು ನೋಡಲು ಸೆಪ್ಟೆಂಬರ್-ಅಕ್ಟೋಬರ್ ಸೂಕ್ತ ಕಾಲ.

2. ಉಬ್ಬರ-ಇಳಿತದ ವೇಳೆಯನ್ನು ಸ್ಥಳೀಯರಿಂದ ಕೇಳಿ ತಿಳಿಯಿರಿ. ಇಳಿತದಲ್ಲಿ ಬೇರುಗಳು ಚೆನ್ನಾಗಿ ಕಾಣುತ್ತವೆ.

3. ಗಿಡ, ಮೊಳಕೆ ಕೀಳಬೇಡಿ. ಒಡ್ಡಿನ ಮೇಲೆ ನಡೆಯುವ ಮೊದಲು ಗದ್ದೆಯವರ ಅನುಮತಿ ಪಡೆಯಿರಿ.

4. ಬೀಜ ಕಾಯುವ ಬಗೆಯನ್ನು ಅಲ್ಲಿನ ರೈತರಿಂದ ಕೇಳಿ ಬರೆದುಕೊಳ್ಳಿ.

ಊರಿಗೆ ಮರಳಿದ ಮೇಲೆ ಹೊಲದ ಬದುವಿನ ಬೇವು, ಜಾಲಿ, ಮುತ್ತುಗ ಉಳಿಸಿ. ಮನೆಯಲ್ಲಿರುವ ಹಳೆಯ ಜೋಳ, ಉದ್ದು, ತೊಗರಿ ಬೀಜವನ್ನು ಒಂದೆರಡು ಸಾಲಿನಲ್ಲಾದರೂ ಪ್ರತಿ ವರ್ಷ ಬಿತ್ತಿ, ಬೇರೆಯಾಗಿ ಕೊಯ್ದು, ಹೆಸರು ಬರೆದಿಡಿ. ಒಬ್ಬರಲ್ಲಿ ನಷ್ಟವಾದರೆ ಇನ್ನೊಬ್ಬರಲ್ಲಿ ಇರುವಂತೆ ನೆರೆಯವರಿಗೂ ಒಂದು ಹಿಡಿ ಕೊಡಿ.