ಪೆಟ್ರೋಲ್ ಪಂಪಿನ ಸದ್ದು

ಬೇತಮಂಗಲದ ಕೆರೆಯ ಏರಿಯ ಮೇಲೆ ಮಿತ್ರರೊಬ್ಬರ ಹಳೆಯ ಇಂಗ್ಲಿಷ್ ಕಾರು ನಿಂತುಬಿಟ್ಟಿತು. ಇಬ್ಬರೇ ಕೂರುವ ಓಟದ ಬಂಡಿ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಮಲಗಿದ್ದುದು. ಒಂದು ಕಾಲಕ್ಕೆ ಚಿನ್ನದ ಗಣಿಗಳಿಗೆ ನೀರೊದಗಿಸಿದ ಕೆರೆ ಅದು. 2001ರಲ್ಲಿ ಗಣಿಗಳೂ ನಿಂತವು.

“ಕಾರ್ಬ್ಯುರೇಟರ್ ಬಿಚ್ಚೋಣವೆ?” ಎಂದರು ಮಿತ್ರರು.

“ತಾಳಿ ಸ್ವಾಮಿ, ಮೊದಲು ಕಿವಿಗೊಡೋಣ” ಎಂದೆ.

ಎಂಜಿಯಂಥ ಆ ಕಾಲದ ಕಾರುಗಳಲ್ಲಿ ಪೆಟ್ರೋಲನ್ನೆತ್ತುವುದು ವಿದ್ಯುತ್ ಪಂಪು. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಎಂದು, ಕಾರ್ಬ್ಯುರೇಟರ್ ತುಂಬಿದಾಗ ಸುಮ್ಮನಾಗಬೇಕು. ಸದ್ದು ನಿಲ್ಲದಿದ್ದರೆ ಟ್ಯಾಂಕು ಬರಿದು, ಇಲ್ಲವೆ ಕೊಳವೆಯ ಸಂದಿನಲ್ಲಿ ಗಾಳಿ. ಪೆಟ್ರೋಲಿನ ವಾಸನೆಯೂ ಬಂದರೆ ಎಲ್ಲೋ ಸೋರಿಕೆ, ಬೆಂಕಿ ದೂರವಿರಲಿ. ಸದ್ದೇ ಇಲ್ಲದಿದ್ದರೆ ವಿದ್ಯುತ್ ತಲುಪಿಲ್ಲ, ಅಥವಾ ಪಂಪಿನೊಳಗಿನ ಪಾಯಿಂಟುಗಳಿಗೆ ಕಿಲುಬು.

ನಮ್ಮದು ಮೌನ. ಸ್ಪ್ಯಾನರಿನ ಹಿಡಿಯಿಂದ ಪಂಪಿಗೆ ಮೆಲ್ಲನೆ ತಟ್ಟಿದೆ, ಮಿಡಿಯಿತು. ಇದು ಮನೆ ಸೇರಿಸುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ಮರುದಿನ ಮುಚ್ಚಳ ತೆಗೆದು ಪಾಯಿಂಟುಗಳನ್ನು ಉಜ್ಜಬೇಕಾಯಿತು.

ಇನ್ನೊಂದು ಮಾತು. ಇಂಥ ಹಲವು ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಚಾಸಿಗೆ ಸೇರಿರುತ್ತದೆ. ಇಂದಿನ ರೂಢಿಯಂತೆ ಅದಲುಬದಲು ಜೋಡಿಸಿದರೆ ಕಾರಿನ ರೇಡಿಯೋ ಸುಟ್ಟೀತು. ಆಗ ಈ ಭಾಷಣವೂ ನಿಮಗೆ ಕೇಳಿಸದು.