ಹಿತ್ತಲಲ್ಲಿ ಟೊಮೇಟೊ, ಬಾಟಲಿಯಲ್ಲಿ ಸಾಸ್



ಟೊಮೇಟೊ ಬೆಲೆ ನೋಡಿ. 2023ರ ಜುಲೈ ತಿಂಗಳಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತು. ಎರಡೇ ತಿಂಗಳಲ್ಲಿ ಬೆಲೆ ಬಿದ್ದುಹೋಯಿತು. ಬೆಲೆ ಬಿದ್ದಾಗ ಕೋಲಾರದ ಕಡೆ ರೈತರು ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ದುಬಾರಿಯಾದರೆ ಕೊಳ್ಳೋಕೆ ಆಗಲ್ಲ. ಅಗ್ಗವಾದರೆ ಕೂಲಿಯೂ ಗಿಟ್ಟಲ್ಲ. ಹಾಗಾದರೆ ನಮ್ಮ ಕೈಲಿ ಏನಿದೆ? ಎರಡು ಕೆಲಸ ಇದೆ. ಹಿತ್ತಲಲ್ಲಿ ಬೆಳೆಯೋದು. ಬಾಟಲಿಯಲ್ಲಿ ಉಳಿಸೋದು.

ಮೊದಲು ಬೆಳೆಯೋದು. ಮಳೆಗಾಲದಲ್ಲಿ ಎಲೆ ಸದಾ ಒದ್ದೆ ಇದ್ದರೆ ಅಂಗಮಾರಿ ರೋಗ ಬರುತ್ತೆ. ಅದಕ್ಕೆ ಗಿಡಗಳಿಗೆ ಒಂದು ಸೂರು ಬೇಕು. ಬಿದಿರಿನ ದಬ್ಬೆ ಬಗ್ಗಿಸಿ ಆಳೆತ್ತರದ ಕಮಾನು ನಿಲ್ಲಿಸಿ. ಮೇಲೆ ಬೆಳಕು ತೂರುವ ಪ್ಲಾಸ್ಟಿಕ್ ಹಾಳೆ ಹೊದಿಸಿ. ಇದಕ್ಕೆ ಸುರಂಗ ಅನ್ನುತ್ತಾರೆ. ಎರಡೂ ತುದಿ ತೆರೆದಿರಲಿ. ಮುಚ್ಚಿದರೆ ಒಳಗೆ ಧಗೆ ಹೆಚ್ಚಿ ಹೂ ಉದುರುತ್ತೆ. ನೀರನ್ನು ಬುಡಕ್ಕೆ ಮಾತ್ರ ಹಾಕಿ. ಬೆಳಗ್ಗೆ ಹೂಗೊಂಚಲನ್ನು ಮೆಲ್ಲಗೆ ಅಲುಗಿಸಿ. ಕಾಯಿ ಚೆನ್ನಾಗಿ ಕಚ್ಚುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಗೆ ಎಲೆ ಮುದುಡು ರೋಗ, ಸೊರಗು ರೋಗ ತಡೆಯುವ ಶಕ್ತಿ ಇದೆ. ಸಸಿ ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಹಣ್ಣು ಸಿಗುತ್ತೆ.

ಈಗ ಸಾಸ್. ಚೆನ್ನಾಗಿ ಮಾಗಿದ, ಕೊಳೆಯದ ಹಣ್ಣು ತೊಳೆದು ಬೇಯಿಸಿ. ಜರಡಿಯಲ್ಲಿ ಸೋಸಿ ಸಿಪ್ಪೆ, ಬೀಜ ತೆಗೆಯಿರಿ. ಒಂದು ಕಿಲೋ ರಸಕ್ಕೆ ಹೀಗೆ ಹಾಕಿ:

ಸಕ್ಕರೆ 75 ಗ್ರಾಂ
ಉಪ್ಪು 10 ಗ್ರಾಂ
ಈರುಳ್ಳಿ 50 ಗ್ರಾಂ
ಶುಂಠಿ 10 ಗ್ರಾಂ
ಬೆಳ್ಳುಳ್ಳಿ 5 ಗ್ರಾಂ
ಖಾರದ ಪುಡಿ 5 ಗ್ರಾಂ
ವಿನೆಗರ್ 25 ಮಿಲಿ

ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಜಜ್ಜಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರಸದೊಳಗೆ ಬಿಡಿ. ಸ್ಟೀಲ್ ಪಾತ್ರೆಯೇ ಇರಲಿ. ಹಿತ್ತಾಳೆ, ತಾಮ್ರ ಬೇಡ. ಹುಳಿ ತಾಗಿದರೆ ಕಿಲುಬು ಬಿಡುತ್ತೆ. ರಸ ಮೂರರಲ್ಲಿ ಒಂದು ಪಾಲಿಗೆ ಇಳಿಯಲಿ. ಆಮೇಲೆ ಗಂಟನ್ನು ಹಿಂಡಿ ತೆಗೆಯಿರಿ. ಕೊನೆಗೆ ವಿನೆಗರ್ ಹಾಕಿ. ಅದನ್ನು ಕಡಿಮೆ ಮಾಡಬೇಡಿ. ಹುಳಿಯೇ ಸಾಸಿನ ಕಾವಲುಗಾರ.

ಕುದಿಸಿದ ಬಿಸಿ ಬಾಟಲಿಗೆ ಬಿಸಿ ಸಾಸ್ ತುಂಬಿ ಮುಚ್ಚಳ ಹಾಕಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿ ಇಟ್ಟು, ಬಿಸಿ ನೀರಲ್ಲಿ ಅರ್ಧ ಗಂಟೆ ಕುದಿಸಿ. ಮುಚ್ಚಳ ಉಬ್ಬಿದರೆ, ನೊರೆ ಬಂದರೆ, ವಾಸನೆ ಬಂದರೆ ರುಚಿ ನೋಡಲೂಬಾರದು. ಚೆಲ್ಲಿಬಿಡಿ. ತೆರೆದ ಬಾಟಲಿಯನ್ನು ತಂಪಾದ ಕಡೆ ಇಟ್ಟು ಬೇಗ ಮುಗಿಸಿ.

ಕೊನೆಗೆ ಒಂದು ಕೆಲಸ ಉಳಿಯಿತು. ಬಾಟಲಿಗೆ ಚೀಟಿ ಅಂಟಿಸಿ. ಮಾಡಿದ ತಾರೀಕು ಬರೆಯಿರಿ. ಹಳೆಯದನ್ನು ಮೊದಲು ಬಳಸಬೇಕಲ್ಲ? ಬೇರೆಯವರನ್ನು ಕೇಳಬೇಕಾಗಿಲ್ಲ. ನಿಮ್ಮದೇ ಅಕ್ಷರ, ನಿಮ್ಮದೇ ಲೆಕ್ಕ.