ಖಾನಾಪುರದ ದಾರಿಗೆ ಪಾನಾ, ಪಂಪು, ಬುತ್ತಿ
(ಬೆಳಗಾವಿಯಲ್ಲಿ ಸೈಕಲ್ ಸವಾರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸೈಕಲ್ಲಿನ ಮೇಲೆ ಏನು ಕಟ್ಟಿಕೊಂಡು ಹೋಗಬೇಕೆಂಬುದಕ್ಕೂ ಒಂದು ಭಾಷಣವೇ ಎಂದು ಕೆಲವರು ನಗಬಹುದು. ಮೋಟಾರಿನಲ್ಲಿ ಓಡಾಡುವವರಿಗೆ ಇದು ಸಣ್ಣ ಮಾತು. ಮಚ್ಛೆಯಿಂದ ಉದ್ಯಮಬಾಗದ ಎರಕದ ಕಾರಖಾನೆಗೆ ಬರುವವನಿಗೆ, ವಡಗಾವಿಯ ಮಗ್ಗಕ್ಕೆ ಹೋಗುವವನಿಗೆ, ಖಾನಾಪುರದ ಸಂತೆಗೆ ಗಂಟು ಹೊರುವ ಚಿಲ್ಲರೆ ವ್ಯಾಪಾರಿಗೆ ಇದು ಹೊಟ್ಟೆಯ ಮಾತು. ಗಾಳಿ ಹೋದ ಒಂದು ಚಕ್ರ ಅರ್ಧ ದಿನದ ಪಗಾರ ನುಂಗುತ್ತದೆ. ಗೇಟು ಮುಚ್ಚಿದ ಮೇಲೆ ಮುಳ್ಳು ಚುಚ್ಚಿತೆಂಬ ಸಬೂಬನ್ನು ಯಾರು ಕೇಳುತ್ತಾರೆ?

ಬೆಳಗಾವಿಗೂ ಸೈಕಲ್ಲಿಗೂ ಹಳೆಯ ನಂಟು. ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟಾಯರಿಗೆ ಪೇಟೆಂಟು ಪಡೆದುದು 1888ರಲ್ಲಿ. ಅದೇ ವರ್ಷ ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಈ ಊರಿನಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಊರು ಬಿಟ್ಟು ಕಿರ್ಲೋಸ್ಕರವಾಡಿ ಕಟ್ಟಿದರು. ಆಗ ಸೈಕಲ್ಲು ಸಾಹೇಬರ ಮತ್ತು ಸಾವುಕಾರರ ಸ್ವತ್ತು. ಇಂದು ಅದು ದುಡಿಯುವವನ ಕಾಲು. ಕಾಲನ್ನು ಕಾಪಾಡಿಕೊಳ್ಳುವುದು ನಮ್ಮದೇ ಕೆಲಸ.

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರು. ಗಂಟೆಗೆ 12 ಕಿಲೋಮೀಟರಿನಂತೆ ತುಳಿದರೂ ಎರಡು ಗಂಟೆಯ ಮೇಲಾಗುತ್ತದೆ. ಮಚ್ಛೆ ದಾಟುವವರೆಗೆ ಪಂಚರ್ ಅಂಗಡಿ ಸಿಕ್ಕೀತು. ಅದರಾಚೆಗೆ ಸಿಕ್ಕರೂ ಅದು ಮೋಟಾರ್ ಸೈಕಲ್ಲಿನದು. ನಿಮ್ಮ ಅಳತೆಯ ಟ್ಯೂಬು ಅಲ್ಲಿ ಇದ್ದೇ ಇರುತ್ತದೆಂದು ನಂಬಬಾರದು. ಆದುದರಿಂದ ಮೂರು ಸಂಗತಿಗಳನ್ನು ನೆನಪಿಡೋಣ.

ಮೊದಲನೆಯದು ಗಾಳಿ. ಒಂದು ಹೆಚ್ಚಿನ ಟ್ಯೂಬು, ಪಂಪು, ಟಾಯರು ಬಿಡಿಸುವ ಎರಡು ಲಿವರು, ಉಸುಕಿನ ಕಾಗದ, ಸೊಲ್ಯೂಷನ್ನು, ನಾಲ್ಕು ರಬ್ಬರ್ ತೇಪೆ. ಜೊತೆಗೆ ಗೇಣುದ್ದ ವಾಲ್‌ಟ್ಯೂಬು. ಈ ಸಣ್ಣ ರಬ್ಬರು ಒಣಗಿ ಸೀಳಿದ್ದರಿಂದ ಗಾಳಿ ಇಳಿದುದನ್ನು ಎಷ್ಟೋ ಜನ ಪಂಚರೆಂದೇ ತಿಳಿಯುತ್ತಾರೆ. ಟಾಯರಿನ ಬದಿಯಲ್ಲಿ ಅಳತೆ ಬರೆದಿರುತ್ತದೆ. 28ರ ಚಕ್ರಕ್ಕೆ 26ರ ಟ್ಯೂಬು ಕೊಳ್ಳಬೇಡಿರಿ. ತೇಪೆ ಹಾಕುವಾಗ ರಬ್ಬರನ್ನು ಉಜ್ಜಿ, ಸೊಲ್ಯೂಷನ್ನು ತೆಳ್ಳಗೆ ಸವರಿ, ಅದು ಒಣಗುವ ತನಕ ಕಾಯಬೇಕು. ಹಸಿಯ ಮೇಲೆ ಒತ್ತಿದರೆ ಅಂಟುವುದಿಲ್ಲ. ಟ್ಯೂಬು ಒಳಗಿಡುವ ಮುಂಚೆ ಟಾಯರಿನ ಒಳಮೈಯನ್ನು ಮೆಲ್ಲಗೆ ಸವರಿ ನೋಡಬೇಕು. ಮುಳ್ಳು ಅಲ್ಲಿಯೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ಹೆಜ್ಜೆಗೆ ಸಾಯುತ್ತದೆ.

ಎರಡನೆಯದು ಕಬ್ಬಿಣ. ಚಕ್ರದ ನಟ್ಟಿಗೆ ಸರಿಹೊಂದುವ ಪಾನಾ, ಒಂದು ಸ್ಕ್ರೂಡ್ರೈವರು, ಸಣ್ಣ ಪಕ್ಕಡ, ಒಂದು ಜೋಡಿ ಬ್ರೇಕಿನ ರಬ್ಬರು, ಚೈನಿನ ಒಂದು ಕೊಂಡಿ, ಮಾರುದ್ದ ತಂತಿ, ಎಣ್ಣೆಯ ಬುಡ್ಡಿ, ಹಳೆಯ ಬಟ್ಟೆಯ ತುಂಡು. ಎಲ್ಲವೂ ಸೀಟಿನ ಕೆಳಗಿನ ಚೀಲದಲ್ಲಿ ಹಿಡಿಸುತ್ತವೆ. ಕ್ಯಾರಿಯರಿನ ಗಂಟನ್ನು ಹಳೆಯ ಟ್ಯೂಬಿನಿಂದ ಬಿಗಿಯಿರಿ. ಜೋತುಬಿದ್ದ ಹಗ್ಗ ಅರೆಕಡ್ಡಿಗೆ ಸುತ್ತಿದರೆ ಸವಾರ ಮೂಗು ಮುಂದಾಗಿ ಬೀಳುತ್ತಾನೆ.

ಮೂರನೆಯದು ಮೈ. ಸೈಕಲ್ಲಿಗೆ ಎಣ್ಣೆ ಬೇಕಾದಂತೆ ಸವಾರನಿಗೆ ನೀರು ಬೇಕು. ಬೇಸಿಗೆಯಲ್ಲಿ ಎರಡು ಲೀಟರು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಹೆಂಟೆ ಬೆಲ್ಲ. ಗಾಯವಾದರೆ ನೀರಿನಿಂದ ತೊಳೆದು ಕಟ್ಟಲು ಶುಭ್ರವಾದ ಬಟ್ಟೆ. ಮನೆಯವರ ಫೋನ್ ನಂಬರು ಬರೆದ ಚೀಟಿ. ಖಾನಾಪುರ ಮಲೆನಾಡಿನ ಸೆರಗು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಊರನ್ನು ಹಾದು ಹೋಗುತ್ತಾಳೆ. ಬೆಳಗಾವಿಯಲ್ಲಿ ಬಿಸಿಲಿದ್ದರೂ ಅಲ್ಲಿ ಮಳೆ ಸುರಿಯುತ್ತಿರಬಹುದು; ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ಲಾಸ್ಟಿಕ್ ಹೊದಿಕೆ ಮರೆಯಬಾರದು. ಒದ್ದೆ ರಿಮ್ಮಿನ ಮೇಲೆ ಬ್ರೇಕು ತಡವಾಗಿ ಹಿಡಿಯುತ್ತದೆ. ಇನ್ನು ದೀಪ. ಪಣಜಿಯ ಈ ಹೆದ್ದಾರಿಯಲ್ಲಿ ಲಾರಿಗಳು ನಿಮ್ಮನ್ನು ಕಾಯುವುದಿಲ್ಲ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ಮುಚ್ಚಂಜೆಯ ಮೇಲೆ ಹೊರಡಲೇಬಾರದು. ಇಲ್ಲಿ ಉಳಿಸಿದ ಹಣ ಆಸ್ಪತ್ರೆಗೆ ಹೋಗುತ್ತದೆ.

ಇಷ್ಟೆಲ್ಲ ಕೊಳ್ಳಲು ದುಡ್ಡೆಲ್ಲಿ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಹತ್ತು ಜನ ಒಂದೇ ಪಾಳಿಗೆ, ಒಂದೇ ದಾರಿಯಲ್ಲಿ ಬರುವಾಗ ಹತ್ತು ಪಂಪು, ಹತ್ತು ಪಾನಾ ಏಕೆ? ಟ್ಯೂಬು, ನೀರು, ದೀಪ ಪ್ರತಿಯೊಬ್ಬನದು. ಪಂಪು, ಪಾನಾ, ಪಕ್ಕಡ, ತೇಪೆಯ ಡಬ್ಬಿ ಹತ್ತು ಜನರದು. ಬೆಲೆಯನ್ನು ಹತ್ತರಿಂದ ಭಾಗಿಸಿದರೆ ಒಬ್ಬೊಬ್ಬನ ಪಾಲಿಗೆ ಬರುವುದು ಕೆಲವು ದಿನದ ಚಹಾದ ಖರ್ಚು. ಚೀಲ ಹೊರುವವನು ವಾರಕ್ಕೊಬ್ಬ. ಆದರೆ ಚೀಲ ಉಪಯೋಗಕ್ಕೆ ಬರಬೇಕಾದರೆ ಹತ್ತೂ ಜನ ಕೂಡಿಯೇ ಹೋಗಬೇಕು. ಒಬ್ಬನ ಚಕ್ರ ಇಳಿದರೆ ಒಂಬತ್ತು ಜನ ನಿಲ್ಲಬೇಕು. ಹತ್ತು ಜನ ಒಟ್ಟಿಗೆ ತಡವಾಗಿ ಬಂದು ಕಾರಣ ಹೇಳಿದರೆ ಗೇಟಿನವನೂ ಕಿವಿಗೊಟ್ಟು ಕೇಳುತ್ತಾನೆ.

ವ್ಯಾಪಾರಿ ಮಿತ್ರರು ಅಂಗಡಿಯ ಬಾಗಿಲಿಗೆ ಒಂದು ಪಂಪು ಇಡಲಿ. ಗಾಳಿ ತುಂಬಲು ನಿಂತವನು ಬೆಂಕಿಪೊಟ್ಟಣವನ್ನಾದರೂ ಕೊಂಡು ಹೋಗುತ್ತಾನೆ. ಕಾರಖಾನೆಯವರನ್ನು ನಾವು ಕೇಳೋಣ: ಮಾಡಿನ ಕೆಳಗೆ ಸೈಕಲ್ ನಿಲ್ಲಿಸಲು ಜಾಗ ಕೊಡಿರಿ, ಒಂದು ಕೈಪಂಪು ಇಡಿರಿ. ದೊಡ್ಡ ಬೇಡಿಕೆಯೇನಲ್ಲ. ವೇಳೆಗೆ ಸರಿಯಾಗಿ ಬರುವ ಕೆಲಸಗಾರ ಅವರಿಗೂ ಬೇಕು.

ಈ ವಾರವೇ ನಿಮ್ಮ ನಿಮ್ಮ ಪಾಳಿಯಲ್ಲಿ ಹತ್ತು ಹೆಸರು ಬರೆದುಕೊಳ್ಳಿರಿ, ಚೀಲ ಹೊಲಿಸಿರಿ. ಒಬ್ಬನೇ ಹೊರಟವನಿಗೆ 26 ಕಿಲೋಮೀಟರು ಬಹಳ ದೂರ. ಹತ್ತು ಜನಕ್ಕೆ ಅದು ಊರಾಚೆಯ ಹಾದಿ.